ನಾನು ಬರೆದ ಅರ್ಜಿ

ನಾಲ್ಕಕ್ಷರ ಬಲ್ಲವನಿಗೆ ನೆರೆಹೊರೆಯವರ ಅರ್ಜಿ ಬರೆದುಕೊಡುವ ಕೆಲಸವು ತಪ್ಪಿದ್ದಲ್ಲ. ನಾನು ದಾವಣಗೆರೆಯಲ್ಲಿ ಉಪಾಧ್ಯಾಯನಾಗಿದ್ದಾಗ, 1984ರಲ್ಲಿ, ನೆರೆಮನೆಯ ಗಿರಣಿ ಕೆಲಸಗಾರನೊಬ್ಬನು ಒಂದು ಸಂಜೆ ಇಂಗ್ಲಿಷಿನ ಕಾಗದವೊಂದನ್ನು ಹಿಡಿದು ಬಂದನು. ರಾತ್ರಿ ಪಾಳಿಯಲ್ಲಿ ಮಗ್ಗವನ್ನು ಬಿಟ್ಟು ಹೋದನೆಂದು ಅವನ ಮೇಲೆ ಆರೋಪ.

“ಮಗುವಿಗೆ ಜ್ವರವೆಂದು ಸುದ್ದಿ ಬಂತು, ಮೇಷ್ಟ್ರೇ. ಮೇಸ್ತ್ರಿಗೆ ಹೇಳಿಯೇ ಹೋದೆ. ನೀವೇ ಏನಾದರೂ ಬರೆದುಕೊಡಿ” ಎಂದನು.

ಬರೆದೆನು. ಮಗುವಿನ ಜ್ವರ, ತಂದೆಯ ಕಳವಳ, ಎಲ್ಲವೂ ಮನಮುಟ್ಟುವಂತೆ ಮೂಡಿದುವು. ಮೇಸ್ತ್ರಿಗೆ ಹೇಳಿಹೋದ ಸಂಗತಿಯೊಂದು ಮಾತ್ರ ಬಿಟ್ಟುಹೋಯಿತು. ಕೊನೆಯಲ್ಲಿ, ಹಿರಿಯರಿಗೆ ಬರೆಯುವಾಗಿನ ನಮ್ಮ ವಾಡಿಕೆಯಂತೆ, “ನನ್ನ ತಪ್ಪನ್ನು ಮನ್ನಿಸಬೇಕು” ಎಂದು ಸೇರಿಸಿದೆನು. ಓದಿ ಹೇಳಿದಾಗ ಅವನ ಕಣ್ಣು ತುಂಬಿತು. ನನಗೂ ಒಳಗೊಳಗೆ ಹೆಮ್ಮೆಯಾಯಿತು.

ಗಿರಣಿಯೊಳಗಿನ ವಿಚಾರಣೆಯಲ್ಲಿ ಆ ವಾಕ್ಯವೇ ತಪ್ಪೊಪ್ಪಿಗೆಯೆನಿಸಿತು. ಕೆಲಸ ಹೋಯಿತು.

ವ್ಯಾಜ್ಯವು ಕಾರ್ಮಿಕ ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ವಕೀಲರನ್ನಾದರೂ ಹಿಡಿಯೋಣವೆಂದೆನು. ಕಾರ್ಮಿಕ ಸಂಘದ ಕಾರ್ಯದರ್ಶಿಯು ಕಾಯಿದೆಯನ್ನು ತಿಳಿಯಹೇಳಿದನು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯ 36ನೆಯ ಕಲಮಿನಂತೆ, ಸಂಧಾನಾಧಿಕಾರಿಯ ಮುಂದೆ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಕಾರ್ಮಿಕ ನ್ಯಾಯಾಲಯದಲ್ಲಿ ಎದುರು ಪಕ್ಷದ ಒಪ್ಪಿಗೆಯೂ ನ್ಯಾಯಾಲಯದ ಅನುಮತಿಯೂ ಬೇಕಾಗಿದ್ದುವು. ಹಣವುಳ್ಳವರು ದೊಡ್ಡ ವಕೀಲರನ್ನು ತಂದು ಬಡವನನ್ನು ಮಣಿಸಬಾರದೆಂಬುದು ಅದರ ಸದುದ್ದೇಶ. ಆದರೆ ಸಂಸ್ಥೆಯ ಅಥವಾ ಮಾಲೀಕರ ಸಂಘದ ಅಧಿಕಾರಿಯೇ ವಕೀಲನಾಗಿದ್ದರೆ ಅವನಿಗೆ ಆ ಒಪ್ಪಿಗೆಯ ಅಗತ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1976ರಲ್ಲಿ, ಪಾರಾದೀಪ ಬಂದರಿನ ಮೊಕದ್ದಮೆಯಲ್ಲಿ, ತೀರ್ಮಾನಿಸಿತ್ತು. ಹೀಗಾಗಿ ಎದುರಿಗೆ ಕಾನೂನು ಓದಿದ ಅಧಿಕಾರಿ. ನಮ್ಮವನ ಪಕ್ಕದಲ್ಲಿ ಪಾಳಿ ಮುಗಿಸಿ ಬಂದ ಕಾರ್ಯದರ್ಶಿ. ಇಬ್ಬರ ನಡುವೆ ನಾನು ಬರೆದ ಅರ್ಜಿ. ಐದು ವರ್ಷಗಳ ಮೇಲೆ ಸ್ವಲ್ಪ ಹಣ ಬಂದಿತು. ಕೆಲಸ ಮರಳಿ ಬರಲಿಲ್ಲ.

ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯು 1987ರಲ್ಲಿ ಹುಟ್ಟಿ 1995ರಲ್ಲಿ ಜಾರಿಗೆ ಬಂದಿತು. ಅದರಂತೆ ಕೈಗಾರಿಕಾ ಕಾರ್ಮಿಕನು ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹನು. ಪ್ರಕರಣದಲ್ಲಿ ಮೇಲ್ನೋಟಕ್ಕೆ ಹುರುಳಿದ್ದರೆ ಸಾಕು. ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ಇಂಥ ಕಾಗದವು ನಿಮ್ಮ ಮನೆಗೆ ಬಂದರೆ ಲೇಖನಿಯನ್ನು ಕೈಗೆತ್ತಿಕೊಳ್ಳದಿರಿ. ತಂದವನೊಡನೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಿರಿ. ಮರುಕದಿಂದ ಬರೆದ ಮಾತು ಬೇರೆ, ನ್ಯಾಯಸ್ಥಾನದಲ್ಲಿ ನಿಲ್ಲುವ ಮಾತು ಬೇರೆ.

ಅವನಾದರೋ ನನ್ನನ್ನು ಎಂದೂ ದೂರಲಿಲ್ಲ. ಕಂಡಾಗಲೆಲ್ಲ, “ನಿಮ್ಮ ಹಾಗೆ ಬರೆಯುವವರಿಲ್ಲ, ಮೇಷ್ಟ್ರೇ” ಎನ್ನುತ್ತಿದ್ದನು. ನಾನು ತಲೆ ತಗ್ಗಿಸುತ್ತಿದ್ದೆನು.