ಬಳ್ಳಾರಿಯ ಬಿಸಿಲಲ್ಲಿ ಎಲ್ಲರ ಸೈಕಲ್ಲು

ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಊರವರೇ ನಗುತ್ತಾರೆ. ಗುಡ್ಡದ ಬಂಡೆ ಕಾಯುವ ಮೊದಲೇ ಕುರುಗೋಡು, ಸಿರುಗುಪ್ಪ ಕಡೆಯ ಬಸ್ಸುಗಳು ನಿಲ್ದಾಣಕ್ಕೆ ಬಂದು ನಿಲ್ಲುತ್ತವೆ. ದೊಡ್ಡಬಸವೇಶ್ವರನ ಭಾರೀ ನಂದಿಯಿರುವ ಕುರುಗೋಡು ಇಲ್ಲಿಗೆ ಸುಮಾರು 30 ಕಿ.ಮೀ. ತುಂಗಭದ್ರೆಯ ನೀರುಂಡ ಭತ್ತದ ಸೀಮೆ ಸಿರುಗುಪ್ಪ ಸುಮಾರು 55 ಕಿ.ಮೀ. ಅಷ್ಟು ದೂರ ಬಸ್ಸಿನಲ್ಲಿ ಬಂದ ವಿದ್ಯಾರ್ಥಿಗೆ ಕಷ್ಟ ಶುರುವಾಗುವುದು ಬಸ್ಸಿಳಿದ ಮೇಲೆ. 1945ರ ವೀರಶೈವ ಕಾಲೇಜಿರಲಿ, 2010ರಲ್ಲಿ ಹುಟ್ಟಿದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿರಲಿ, ಉಳಿದ ದಾರಿಗೆ ಆಟೋ, ಇಲ್ಲವೇ ನಡಿಗೆ. ಸಂಜೆ ಊರಿನ ಬಸ್ಸು ತಪ್ಪಿತೆಂದರೆ ಮನೆಯಲ್ಲಿ ಅಪ್ಪ ಅಮ್ಮನಿಗೆ ಆತಂಕ. ಹೆಣ್ಣುಮಗಳಾದರೆ ‘ಕಾಲೇಜು ಸಾಕು’ ಎಂಬ ಮಾತೂ ಬಂದೀತು.

ಈ ತುಂಡು ದಾರಿಗೆ ಒಂದು ಉತ್ತರ ಹಂಚಿಕೆಯ ಸೈಕಲ್ಲು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಆರಂಭವಾದಾಗ ಸುಮಾರು 450 ಸೈಕಲ್ಲುಗಳು ಊರ ನಿಲ್ದಾಣಗಳಿಗೆ ಬಂದವು. ಹೆಸರು ನೋಂದಾಯಿಸಿ ಕಾರ್ಡ್ ಪಡೆದವರು ಒಂದು ನಿಲ್ದಾಣದಲ್ಲಿ ಸೈಕಲ್ ತೆಗೆದು ಇನ್ನೊಂದರಲ್ಲಿ ಬಿಡಬಹುದಿತ್ತು. ಜೊತೆಗೇ ಚರ್ಚೆಯೂ ಎದ್ದಿತು. ಸೈಕಲ್ಲಿಗೆ ಬೇರೆ ದಾರಿ ಎಲ್ಲಿ? ಕೆಟ್ಟರೆ ರಿಪೇರಿ ಯಾರದು?

ಬಳ್ಳಾರಿಗೆ ಇಂಥದ್ದು ಬಂದರೆ ಈ ಪ್ರಶ್ನೆಗಳ ಜೊತೆಗೆ ಇನ್ನೆರಡು ಸೇರುತ್ತವೆ. ಮೊದಲನೆಯದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಮಧ್ಯಾಹ್ನ ಪೆಡಲ್ ತುಳಿಯುವುದೆಂತು ಎಂದು ಕೇಳುವವರ ಮಾತಿನಲ್ಲಿ ನ್ಯಾಯವಿದೆ. ಆದರೆ ಅದೇ ಬಿಸಿಲಿನಲ್ಲಿ ಪುಸ್ತಕದ ಚೀಲ ಹೊತ್ತು ನಡೆಯುವುದು ಇನ್ನೂ ಕಷ್ಟವಲ್ಲವೇ? ಎರಡನೆಯದು ಲಾರಿ. ಅದಿರು, ಉಕ್ಕು, ಭತ್ತ ಎಲ್ಲವೂ ಓಡಾಡುವ ಜಿಲ್ಲೆಯಿದು. ಭಾರಿ ವಾಹನಗಳ ನಡುವೆ ಮಗಳನ್ನು ಸೈಕಲ್ ಮೇಲೆ ಕಳುಹಿಸಲು ತಾಯಿ ಹೆದರಿದರೆ ಅವಳನ್ನು ಹಿಂದುಳಿದವಳೆನ್ನಲಾಗದು. ಅವಳು ಕೇಳುತ್ತಿರುವುದು ದಾರಿಯನ್ನು.

ಸೈಕಲ್ಲು ಈ ಸೀಮೆಗೆ ಹೊಸದೇನಲ್ಲ. 2006-07ರಲ್ಲಿ ಆರಂಭವಾಗಿ ಕೋವಿಡ್ ಕಾಲದಲ್ಲಿ ನಿಂತ ಉಚಿತ ಸೈಕಲ್ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳು ಹಳ್ಳಿಯಿಂದ ಪ್ರೌಢಶಾಲೆಗೆ ಸಾಲಾಗಿ ಬರುತ್ತಿದ್ದರು. ಅದಕ್ಕೂ ಹಿಂದೆ ಊರೂರಿನಲ್ಲಿ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಅಂಗಡಿಗಳಿದ್ದವು. ಅಂಗಡಿಯವನು ಪಟ್ಟಿಯಲ್ಲಿ ಹೆಸರು, ಹೊತ್ತು ಬರೆದುಕೊಂಡು, ‘ನೀನು ಯಾರ ಮಗ?’ ಎಂದು ಕೇಳಿ ಸೈಕಲ್ ಕೊಡುತ್ತಿದ್ದ. ಪಂಕ್ಚರ್ ಆದರೆ ತಾನೇ ಹಾಕುತ್ತಿದ್ದ. ಹಂಚಿಕೆಯೆಂಬ ದೊಡ್ಡ ಹೆಸರಿಲ್ಲದಿದ್ದರೂ ಅದು ಹಂಚಿಕೆಯೇ.

1965ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಯುವಕರು ಕೆಲವು ಸೈಕಲ್ಲುಗಳಿಗೆ ಬಿಳಿ ಬಣ್ಣ ಬಳಿದು, ಬೀಗವಿಲ್ಲದೆ, ಎಲ್ಲರ ಬಳಕೆಗೆಂದು ಬೀದಿಯಲ್ಲಿ ಬಿಟ್ಟರು. ಆ ಪ್ರಯೋಗ ಬಾಳಲಿಲ್ಲ. ಎಲ್ಲರದಾದ ವಸ್ತುವಿಗೂ ಒಬ್ಬ ಹೊಣೆಗಾರ ಬೇಕು. ಮೈಸೂರಿನಲ್ಲಿ ಆ ಹೊಣೆಯನ್ನು ಕಾರ್ಡಿಗೆ ಕಟ್ಟಿದರು. ಬಾಡಿಗೆ ಅಂಗಡಿಯಲ್ಲಿ ಅದು ಪರಿಚಯದ ಮೇಲೆ ನಿಂತಿತ್ತು.

ಹಾಗಾದರೆ ಬಳ್ಳಾರಿ ದೊಡ್ಡದಾಗಿ ಶುರುಮಾಡಬೇಕಿಲ್ಲ. ಬಸ್ ನಿಲ್ದಾಣದಿಂದ ಕಾಲೇಜುಗಳಿಗೆ ನೆರಳಿನ ಒಂದು ದಾರಿ, ಎರಡು ತುದಿಗೂ ಒಂದೊಂದು ಸ್ಟ್ಯಾಂಡ್, ಅಲ್ಲಿಯೇ ಪಂಕ್ಚರ್ ಹಾಕುವ ಒಬ್ಬ ಮನುಷ್ಯ. ಸಿರುಗುಪ್ಪ, ಕುರುಗೋಡಿನಂಥ ಊರುಗಳಲ್ಲಿ ಹಳೆಯ ಸೈಕಲ್ ಅಂಗಡಿಯೇ ಆ ಸ್ಟ್ಯಾಂಡ್ ಆದೀತು. ಸಂಜೆ ಐದರ ಬಸ್ಸು ಹಿಡಿಯಬೇಕಾದ ಹುಡುಗಿಗೆ ಉಳಿಯುವ ಕಾಲು ಗಂಟೆ ಸಣ್ಣದಲ್ಲ. ಅವಳ ಓದು ಮುಂದುವರಿಯುವುದೋ ನಿಲ್ಲುವುದೋ ಎಂಬುದು ಕೆಲವೊಮ್ಮೆ ಅಷ್ಟರಲ್ಲೇ ಇರುತ್ತದೆ.