ಹೊಳೆಯಾಚೆಯ ಆನೆಗೊಂದಿ

ದಸರಾ ರಜೆ ಬಂತೆಂದರೆ ನಾವು ಹೊಸಪೇಟೆಯಿಂದ ಆನೆಗೊಂದಿಯ ಅಜ್ಜಿಯ ಮನೆಗೆ ಹೊರಡುತ್ತಿದ್ದೆವು. 1980ರ ದಶಕದ ಮಾತಿದು. ಕಮಲಾಪುರ ದಾಟಿ ತಳವಾರಘಟ್ಟದಲ್ಲಿ ಬಸ್ಸಿಳಿದರೆ ರಸ್ತೆ ಅಲ್ಲಿಗೆ ಮುಗಿಯಿತು. ಮುಂದೆ ತುಂಗಭದ್ರೆ, ಆಚೆ ದಡದಲ್ಲಿ ಊರು, ನಡುವೆ ಹರಿಗೋಲು.

ದಡದಲ್ಲಿ ಕಾಯುವುದೇ ಒಂದು ಸಂತೆ. ಬಾಳೆಗೊನೆ, ಭತ್ತದ ಚೀಲ, ಮೇಕೆಮರಿ, ಕೆಲವೊಮ್ಮೆ ಸೈಕಲ್ಲು, ಮೋಟಾರ್ ಸೈಕಲ್ಲು, ಎಲ್ಲವೂ ಆ ದುಂಡನೆಯ ಬುಟ್ಟಿಯೊಳಗೆ ಹತ್ತಬೇಕು. ಯಾರು ಎಲ್ಲಿ ಕೂರಬೇಕೆಂದು ಅಂಬಿಗರ ಕಾಕಾ ಹೇಳುತ್ತಿದ್ದರು. "ನೀ ಈ ಕಡಿ ಕುಂದ್ರು ತಮ್ಮಾ. ಅಲುಗಾಡಬ್ಯಾಡ." ಭಾರ ಒಂದೇ ಕಡೆಗೆ ವಾಲದ ಹಾಗೆ ಜನರನ್ನು, ಚೀಲಗಳನ್ನು ಹೊಂದಿಸುವುದರಲ್ಲೇ ಅವರ ಅರ್ಧ ವಿದ್ಯೆ ಇತ್ತು.

ಉಳಿದರ್ಧ ನೀರಿನಲ್ಲಿತ್ತು. ಹರಿಗೋಲನ್ನು ನೇರವಾಗಿ ಎದುರು ದಡಕ್ಕೆ ಬಿಡುತ್ತಿರಲಿಲ್ಲ. ಮೊದಲು ದಡದ ಗುಂಟ ಸೆಳವಿಗೆ ಎದುರಾಗಿ ಮೇಲಕ್ಕೆ ಒಯ್ಯುತ್ತಿದ್ದರು. ಆಮೇಲೆ ನಡುಹೊಳೆಗೆ ಬಿಟ್ಟು, ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಒತ್ತುತ್ತ ಹೋದರೆ, ಹೊಳೆಯೇ ಓರೆಯಾಗಿ ತಂದು ಆನೆಗೊಂದಿಯ ಘಟ್ಟಕ್ಕೆ ಮುಟ್ಟಿಸುತ್ತಿತ್ತು. ಹೊರಡುವ ಮುಂಚೆ ಕಾಕಾ ಹೊಳೆಯೊಳಗಿನ ಒಂದು ಗುಂಡುಕಲ್ಲಿನ ಕಡೆ ತಪ್ಪದೆ ನೋಡುತ್ತಿದ್ದರು. ಅದರ ನೆತ್ತಿ ಕಂಡರೆ ಹರಿಗೋಲು ಉಂಟು, ಮುಳುಗಿದ್ದರೆ ಇಲ್ಲ. 1953ರಲ್ಲಿ ಹೊಸಪೇಟೆಯ ಅಣೆಕಟ್ಟು ಮುಗಿದ ಮೇಲೆ ಹೊಳೆಯ ಏರಿಳಿತ ಮಳೆಯ ಕೈಯಿಂದ ಗೇಟುಗಳ ಕೈಗೆ ಹೋಗಿತ್ತು. ಆದರೂ ಕಾಕಾ ನಂಬುತ್ತಿದ್ದದ್ದು ಆ ಕಲ್ಲನ್ನೇ.

ಒಂದು ಬೇಸಿಗೆಯಲ್ಲಿ ಹರಿಗೋಲು ಹೆಣೆಯುವುದನ್ನು ಕೂತು ನೋಡಿದೆ. ಸೀಳಿದ ಬಿದಿರ ದಬ್ಬೆಗಳನ್ನು ನೆಲದ ಮೇಲೆ ಅಡ್ಡಡ್ಡ ಹಾಸಿ ನಡುವಿನಿಂದ ಹೆಣೆಯುತ್ತ ಹೊರಟರು. ತಳ ಏಳದಂತೆ ಮೇಲೆ ಕಲ್ಲು ಹೇರಿದರು. ನಾಲ್ಕು ಜನ ಸುತ್ತ ನಿಂತು ದಬ್ಬೆಗಳನ್ನು ಮೇಲಕ್ಕೆ ಬಾಗಿಸಿ ಅಂಚು ಕಟ್ಟಿದರು. ಬೋರಲು ಹಾಕಿ ಪ್ಲಾಸ್ಟಿಕ್ ಹಾಳೆ ಹೊದಿಸಿ, ಕಾಯಿಸಿದ ಡಾಂಬರು ಬಳಿದರು. "ನಮ್ಮಪ್ಪನ ಕಾಲಕ್ಕ ತೊಗಲು ಹೊದಿಸ್ತಿದ್ರು" ಎಂದರು ಕಾಕಾ. ಬಹಳ ವರ್ಷಗಳ ಮೇಲೆ, ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಬರೆದದ್ದನ್ನು ಓದಿದಾಗ ಮೈ ಜುಮ್ಮೆಂದಿತು. ಒಳಗೆ ಬೆತ್ತ, ಹೊರಗೆ ತೊಗಲು, ಬುಟ್ಟಿಯಂತೆ ದುಂಡಗಿದ್ದು ಸುತ್ತುತ್ತಲೇ ಸಾಗುವ ದೋಣಿಗಳು, ಹದಿನೈದಿಪ್ಪತ್ತು ಜನರನ್ನು ಹೊರುತ್ತವೆ ಎಂದು ಆತ ಬರೆದಿದ್ದಾನೆ. ನಾನು ಕೂತು ದಾಟಿದ್ದು ಅದೇ ದೋಣಿ!

ಊರು ನೋಡುವುದೂ ಹೊಳೆಯಿಂದಲೇ ಶುರುವಾಗುತ್ತಿತ್ತು. ನೀರಿನಲ್ಲಿ ಸಾಲಾಗಿ ನಿಂತ ಹಳೆಯ ಸೇತುವೆಯ ಕಲ್ಲುಕಂಬಗಳು, ಕೃಷ್ಣದೇವರಾಯನ ಸಮಾಧಿಯೆಂದು ಜನ ಹೇಳುವ ಅರವತ್ನಾಲ್ಕು ಕಂಬದ ಮಂಟಪ, ಆಚೆಗೆ ಒಂಬತ್ತು ಮಾಧ್ವ ಯತಿಗಳ ನವವೃಂದಾವನ. ದಡ ಹತ್ತಿದರೆ ಹುಚ್ಚಪ್ಪಯ್ಯನ ಮಠದ ನುಣ್ಣನೆಯ ಕರಿಕಲ್ಲಿನ ಕಂಬಗಳು, ಊರ ನಡುವೆ ರಂಗನಾಥನ ಗುಡಿ, ಗಗನಮಹಲು. ನನಗೆ ಇವನ್ನೆಲ್ಲ ಮೊದಲು ಬೆರಳು ತೋರಿ ಹೇಳಿಕೊಟ್ಟವರು ಹುಟ್ಟು ಹಾಕುತ್ತಿದ್ದ ಕಾಕಾ. ಅಜ್ಜಿ ಅವರಿಗೆ ದಿನದಿನದ ಬಾಡಿಗೆ ಕೊಟ್ಟದ್ದು ಕಾಣೆ. ಸುಗ್ಗಿಯಲ್ಲಿ ಭತ್ತ ಅಳೆದು ಕೊಡುತ್ತಿದ್ದಳು.

ಆದರೆ ಕಲ್ಲು ಮುಳುಗಿದ ದಿನಗಳೂ ನೆನಪಿವೆ. ಒಂದು ಮಳೆಗಾಲದ ರಾತ್ರಿ ಅತ್ತೆಗೆ ಹೆರಿಗೆ ನೋವು ಶುರುವಾಯಿತು. ಕಾಕಾ ದಡದವರೆಗೆ ಬಂದು, ನೀರು ನೋಡಿ, ತಲೆ ಅಲ್ಲಾಡಿಸಿದರು. ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಗಂಗಾವತಿಗೆ ಹೋಗಬೇಕಾಯಿತು. ಸೇತುವೆ ಬೇಕೆಂದು ಊರಿನವರು ಹಂಬಲಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಕೊನೆಗೂ ಘಟ್ಟದ ಬಳಿ ಸೇತುವೆಯ ಕೆಲಸ ಶುರುವಾಯಿತು. ಸ್ಮಾರಕಗಳ ನಡುವೆ ಸೇತುವೆ ಏಳುತ್ತಿದೆಯೆಂಬ ಕಾರಣಕ್ಕೆ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಂಪಿ ಆ ಪಟ್ಟಿಯಿಂದ ಹೊರಬಂದದ್ದು 2006ರಲ್ಲಿ. ನಿಂತಿದ್ದ ಕೆಲಸ ಮತ್ತೆ ಮುಂದುವರಿದು, 2009ರ ಜನವರಿಯಲ್ಲಿ ಸೇತುವೆ ಕುಸಿದು ಕೂಲಿಕಾರರು ಜೀವ ಕಳೆದುಕೊಂಡರು. ಮುಂದೆ ಕಡೆಬಾಗಿಲು–ಬುಕ್ಕಸಾಗರದ ನಡುವೆ, ಹೊಳೆ ಹರಿಯುವ ದಿಕ್ಕಿನಲ್ಲಿ ಕೆಳಗಡೆ, ಬೇರೆ ಸೇತುವೆ ಬಂತು. ಈಗ ಅಂಜನಾದ್ರಿ ಬೆಟ್ಟಕ್ಕೆ ಹೋಗುವವರ ಕಾರುಗಳು ನಿಲ್ಲದೆ ಓಡಾಡುತ್ತವೆ.

ಹೋದ ಸಲ ಮಗಳನ್ನು ಕರೆದುಕೊಂಡು ಹೋದೆ. ಸೇತುವೆ ದಾಟಿದ್ದು ಅವಳಿಗೆ ಗೊತ್ತೇ ಆಗಲಿಲ್ಲ, ನಿದ್ದೆಯಲ್ಲಿದ್ದಳು. ಸಂಜೆ ಘಟ್ಟಕ್ಕೆ ಹೋದೆವು. ಮೋಟಾರು ದೋಣಿಯೊಂದು ಬೈಕುಗಳನ್ನು ಹೊತ್ತು ಹೊರಡುವುದರಲ್ಲಿತ್ತು. ದಡದಲ್ಲಿ ಬೋರಲು ಬಿದ್ದಿದ್ದ ಹರಿಗೋಲಿನ ಡಾಂಬರು ಬಿರುಕು ಬಿಟ್ಟಿತ್ತು. ಕಾಕಾ ತೀರಿಹೋಗಿದ್ದರು.

ಆನೆಗೊಂದಿಯ ಕಲ್ಲುಗಳನ್ನು ಕಾಯಲು ಕಾಯ್ದೆಗಳಿವೆ, ಫಲಕಗಳಿವೆ, ಅವು ಇರಲೇಬೇಕು. ಕಾಕಾನಂಥವರ ಕಣ್ಣಳತೆ, ಸೆಳವಿನ ಲೆಕ್ಕ, ಬಿದಿರು ಬಾಗಿಸುವ ಹದ, ಇವೂ ಗಗನಮಹಲಿನಷ್ಟೇ ಹಳೆಯ ಆಸ್ತಿ. ಬಲ್ಲವರು ಇನ್ನೂ ಇರುವಾಗಲೇ ಕೇಳಿ ಬರೆದಿಡಬೇಕು, ಎಳೆಯರ ಕೈಗೆ ಹುಟ್ಟು ಕೊಡಿಸಬೇಕು.

"ನೀವು ಹೇಗೆ ದಾಟುತ್ತಿದ್ದಿರಿ ಅಪ್ಪಾ?" ಮಗಳು ಕೇಳಿದಳು. ನಾನು ಹೊಳೆಯೊಳಗಿನ ಗುಂಡುಕಲ್ಲನ್ನು ತೋರಿಸಿದೆ. ನೆತ್ತಿ ಒಣಗಿತ್ತು. ಅಂದರೆ ಇವತ್ತು ಹರಿಗೋಲು ಉಂಟು ಎಂದೆ.