ಸನ್ನತಿಗೆ ಹೋದವರು ಕನಗನಹಳ್ಳಿಗೂ ಹೋಗ್ರಿ

ಸನ್ನತಿಗೆ ಹೆಂಗ ಹೋಗೋದು ಅಂತ ಕೇಳ್ತಿರ್ತೀರಿ. ವಾಡಿಯಿಂದ ಯಾದಗಿರಿ ಕಡೆ ರೈಲು ಹಿಡಿದು ನಾಲವಾರದಾಗ ಇಳೀರಿ, ಮುಂದ ರಸ್ತೆ. ನೀರು, ಬುತ್ತಿ ಕಟ್ಕೊಳ್ರಿ. ನಮ್ಮ ಕಡೆ ಬಿಸಿಲು ಗೊತ್ತಲ್ಲ!

ಬಹಳ ಮಂದಿ ಭೀಮಾ ದಂಡೆಯ ಚಂದ್ರಲಾಂಬಾ ಗುಡಿ ನೋಡಿ ತಿರುಗಿಬಿಡ್ತಾರೆ. 1986ರಲ್ಲಿ ಅದೇ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಕೆಳಗೆ ಪೀಠವಾಗಿದ್ದ ಕಲ್ಲು ನೋಡಿದರೆ ಅಶೋಕನ ಶಾಸನ! ಮೂರ್ತಿ ನಿಲ್ಲಿಸಲು ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಆ ಕಲ್ಲಿನಲ್ಲಿ 12ನೇ ಶಾಸನವೂ ಇದೆ. ತನ್ನ ಪಂಥವನ್ನು ಹೊಗಳಲು ಇನ್ನೊಬ್ಬರದ್ದನ್ನು ಹಳಿಯುವವನು ತನ್ನದಕ್ಕೇ ಕೇಡು ಮಾಡ್ತಾನೆ ಅನ್ನುತ್ತದೆ ಅದು. ಅಂಥ ಮಾತಿನ ಮೇಲೇ ಪೀಠ.

ಅಲ್ಲಿಂದ ಹತ್ತಿರದಲ್ಲೇ ಕನಗನಹಳ್ಳಿ. ಊಟಕ್ಕೆ ತಡವಾದರೂ ಸರಿ, ಬಿಡಬೇಡ್ರಿ. 1994ರಿಂದ ನಡೆದ ಉತ್ಖನನದಲ್ಲಿ ಮಹಾಸ್ತೂಪ ಸಿಕ್ಕಿದ್ದು ಇಲ್ಲೇ. ಇಲ್ಲಿ ದೊರೆತ ಒಂದು ಶಿಲ್ಪದಲ್ಲಿ ರಾಜ, ರಾಣಿ, ಮೇಲೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’. ಸ್ತೂಪಕ್ಕೆ ದಾನ ಕೊಟ್ಟವರ ಹೆಸರೂ ಕಲ್ಲಲ್ಲಿವೆ, ಹೆಣ್ಣುಮಕ್ಕಳದ್ದೂ.

1956ರಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ಧಮ್ಮ ಸ್ವೀಕರಿಸಿದರು. ಬೌದ್ಧ ಧಮ್ಮ ನಮ್ಮ ಮಣ್ಣಿನದ್ದಲ್ಲ ಅನ್ನೋರು ಈಗಲೂ ಸಿಗ್ತಾರೆ. ಅವರನ್ನೂ ಕರ್ಕೊಂಡು ಹೋಗ್ರಿ. ಮಕ್ಕಳಿಗೆ ಮಾತ್ರ ಹೇಳಿ ಇಡ್ರಿ, ಕಲ್ಲಿನ ಮೇಲೆ ಹತ್ತಬಾರದು, ಹೆಸರು ಗೀಚಬಾರದು.